ವಖಾರಿ ಹೊಲಿಗೆ ಹಾಕಿದ ಲ್ಯಾಪ್‌ಟಾಪ್ ಚೀಲ

ಚೀಲದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ಈ ಮಳೆಗಾಲ ಮುಗಿಯುವವರೆಗೂ ನಂಬಿಕೊಂಡಿದ್ದೆ. ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದವನು ನಾನು. ಚೀಲ ತುಂಬುವುದು, ತೂಗುವುದು, ದಬ್ಬಣದಿಂದ ಬಾಯಿ ಹೊಲಿಯುವುದು ನನ್ನ ಕೆಲಸ. ನಾನು ಹೊಲಿದ ಚೀಲ ಲಾರಿಯಿಂದ ಬಿದ್ದರೂ ಒಂದು ಅಡಿಕೆ ಹೊರಗೆ ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಕಲಿತದ್ದೆಲ್ಲ ಮರೆತುಹೋಗಿದೆ. ಈ ವಿದ್ಯೆ ಮಾತ್ರ ಮರೆತಿಲ್ಲ. ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ಸೊಸೆ ಸುಮಾ ಒಂದು ಸಂಸ್ಥೆಯಲ್ಲಿ ಗುತ್ತಿಗೆ ಮೇಲೆ ಕೆಲಸಕ್ಕಿದ್ದಾಳೆ. ಯಲ್ಲಾಪುರ, ಸಿದ್ದಾಪುರದ ಕಡೆಯ ಶಾಲೆಗಳಿಗೆ ಹೋಗಿ ಮಕ್ಕಳ ಕಿವಿ ಪರೀಕ್ಷೆ ಮಾಡುವುದು ಅವಳ ಕೆಲಸ. ಮಗುವಿನ ತಲೆಗೆ ಹೆಡ್‌ಫೋನ್ ಹಾಕಿ, ಲ್ಯಾಪ್‌ಟಾಪಿನಿಂದ ಸಣ್ಣ ಸದ್ದು ಕೇಳಿಸುತ್ತಾಳೆ. ಕೇಳಿಸಿದರೆ ಮಗು ಕೈ ಎತ್ತಬೇಕು. ಇದಕ್ಕಾಗಿ ಲ್ಯಾಪ್‌ಟಾಪು, ಒಂದು ಟ್ಯಾಬು, ಎರಡು ಮೊಬೈಲು, ಪವರ್ ಬ್ಯಾಂಕು ಮತ್ತು ಹಾವಿನ ಮರಿಗಳಂಥ ಒಂದು ರಾಶಿ ವೈರುಗಳನ್ನು ಹೊತ್ತು ತಿರುಗುತ್ತಾಳೆ. ಇಷ್ಟು ದಿನ ಎಲ್ಲವೂ ಯಾವುದೋ ಜವಳಿ ಅಂಗಡಿಯ ಬಟ್ಟೆ ಚೀಲದಲ್ಲಿ ಹೋಗುತ್ತಿದ್ದವು. ಆ ವಾರ ಅದರ ಹಿಡಿಕೆ ಕಿತ್ತಿತು.

ಕಿತ್ತದ್ದು ಕೆಟ್ಟ ಹೊತ್ತಿನಲ್ಲಿ. ಬರುವ ಸೋಮವಾರ ಯಲ್ಲಾಪುರದ ಶಾಲೆಯೊಂದರಲ್ಲಿ ಸಂಸ್ಥೆಯ ದೊಡ್ಡವರ ಎದುರು ಅವಳು ಪರೀಕ್ಷೆ ಮಾಡಿ ತೋರಿಸಬೇಕಿತ್ತು. ಸಿದ್ದಾಪುರದ ಒಬ್ಬ ಹುಡುಗನೂ ಅದೇ ದಿನ ತೋರಿಸುವವನು. ಇಬ್ಬರಲ್ಲಿ ಒಬ್ಬರಿಗೆ ಕೆಲಸ ಖಾಯಂ.

"ಮೊಬೈಲಲ್ಲಿ ಒಂದು ಬ್ಯಾಗ್ ನೋಡಿದ್ದೆ ಮಾವ. ತರಿಸ್ತೆ," ಎಂದಳು ಸುಮಾ.

ನನಗೆ ಸಿಟ್ಟು ಬಂತು. ಮುಟ್ಟದೆ, ಹೊಲಿಗೆ ಎಳೆದು ನೋಡದೆ, ಚಿತ್ರ ನೋಡಿ ಚೀಲ ತರಿಸುವುದೇ? ಅದೂ ನಾನು ಮನೆಯಲ್ಲಿ ಜೀವಂತ ಕುಳಿತಿರುವಾಗ?

"ಚೀಲ ನಾ ತರ್ತೆ," ಎಂದೆ.

"ಬ್ಯಾಡ ಮಾವ, ನಿಮ್ಗೆ ಎಂತಕ್ಕೆ ತ್ರಾಸು?"

"ತ್ರಾಸು ಎಂತದು? ಮೂವತ್ತೆಂಟು ವರ್ಷ ನಾ ವಖಾರೀಲಿ ಹಪ್ಪಳ ಹಚ್ಚಿದ್ನಾ?"

ಅವಳು ಒಂದು ಚೀಟಿಯಲ್ಲಿ ಅಳತೆ ಬರೆದುಕೊಟ್ಟಳು. ಜೊತೆಗೆ ಒಂದು ಮಾತನ್ನೂ ಬರೆದಿದ್ದಳು: "ಒಳಗೆ ಸ್ಪಂಜು ಇರಬೇಕು." ನಾನು ಚೀಟಿಯನ್ನು ಜೇಬಿಗೆ ಹಾಕಿದೆ. ಅದು ಜೇಬಿನಲ್ಲೇ ಉಳಿಯಿತು. ಅಳತೆಗೆ ನನ್ನ ಕೈ ಸಾಲದೇ? ಹೊರಡುವ ಮುಂಚೆ ಲ್ಯಾಪ್‌ಟಾಪಿನ ಮೇಲೆ ಗೇಣು ಹಾಕಿ ಲೆಕ್ಕ ಹಿಡಿದುಕೊಂಡೆ.

ಶನಿವಾರ ಪೇಟೆಯ ಚೀಲದಂಗಡಿಗೆ ಹೋದೆ. ಅಂಗಡಿಯವನು ಬನವಾಸಿ ಕಡೆಯ ಮನುಷ್ಯ. ನಗುಮುಖದವನು. ಆ ನಗುವನ್ನು ನೋಡಿಯೇ ನನಗೆ ಅನುಮಾನ.

"ಬರ್ರಿ ಯಜಮಾನ್ರ. ಎಷ್ಟು ಇಂಚಿನ ಲ್ಯಾಪ್‌ಟಾಪ್ರಿ?"

"ಇಂಚು ಗಿಂಚು ಬೇಡ. ಚೀಲ ತೋರ್ಸು."

ಹತ್ತು ಚೀಲ ತೋರಿಸಿದ. ಹತ್ತನ್ನೂ ಒಳಹೊರಗು ಮಾಡಿದೆ. ಹೊಲಿಗೆ ಎಣಿಸಿದೆ, ಮೂಸಿದೆ, ಹಿಡಿಕೆ ಹಿಡಿದು ಜಗ್ಗಿದೆ. ಎರಡರ ಹಿಡಿಕೆ ಕೈಗೇ ಬಂತು. ಅಂಗಡಿಯವನ ನಗು ಅಲ್ಲಿಗೆ ನಿಂತಿತು. ಹನ್ನೊಂದನೆಯದು ಕಪ್ಪು ಬಣ್ಣದ ಬೆನ್ನುಚೀಲ. ಅದರ ತಳ ಗಟ್ಟಿಯೋ ನೋಡಲು ಒಂದು ಕಾಲನ್ನು ಒಳಗಿಟ್ಟು, ಎರಡು ಪಟ್ಟಿಗಳನ್ನೂ ಹಿಡಿದು ಮೇಲಕ್ಕೆಳೆದೆ.

"ಯಜಮಾನ್ರ, ಅದು ಚೀಲ ಐತ್ರಿ, ಪ್ಯಾಂಟ್ ಅಲ್ರಿ," ಎಂದ ಅವನು.

ಪಕ್ಕದಲ್ಲಿ ಕೊಡೆ ನೋಡುತ್ತಿದ್ದ ಇಬ್ಬರು ಹೆಂಗಸರು ನಕ್ಕರು. ನನ್ನ ಸಿಟ್ಟು ನೆತ್ತಿಗೇರಿತು. ಆದರೂ ತಳ ಕಿತ್ತಿರಲಿಲ್ಲ, ಚೀಲ ಪಾಸಾಗಿತ್ತು. "ಬದಲಿಸೋದಿದ್ರೆ ನಾಳೆ ಬರ್ರಿ," ಎಂದು ಅವನು ಹಿಂದಿನಿಂದ ಕೂಗಿದ. "ನಾ ತಗಂಡ ಚೀಲ ಇವತ್ತಿನವರೆಗೆ ಬದಲ್ಸಿದ್ದಿಲ್ಲ," ಎಂದು ಘೋಷಿಸಿ ಮೆಟ್ಟಿಲಿಳಿದೆ. ಈ ಘೋಷಣೆಯೇ ನನ್ನನ್ನು ಕೆಡಿಸಿತು.

ಭಾನುವಾರ ಸುಮಾ ತವರಿಗೆಂದು ಭೈರುಂಬೆಗೆ ಹೋಗಿದ್ದಳು. ಮಗ ಗ್ಯಾರೇಜಿಗೆ ಹೋಗಿದ್ದ. ಅವಳು ಬರುವಷ್ಟರಲ್ಲಿ ಎಲ್ಲ ತುಂಬಿ ಸಿದ್ಧಮಾಡಿ ಇಡೋಣವೆಂದು ಕುಳಿತೆ. ಲ್ಯಾಪ್‌ಟಾಪ್ ಒಳಗೆ ಹೋಗಲಿಲ್ಲ. ಒಂದು ಬೆರಳಿನಷ್ಟು ಹೊರಗೇ ಉಳಿಯಿತು. ಅಡ್ಡ ಹಾಕಿದೆ, ಉದ್ದ ಹಾಕಿದೆ, ಬೈದು ಹಾಕಿದೆ. ಹೋಗಲಿಲ್ಲ.

ಹೆಂಡತಿ ಗಂಗೆ ತೆಂಗಿನಕಾಯಿ ತುರಿಯುತ್ತ ಇದನ್ನೆಲ್ಲ ನೋಡುತ್ತಿದ್ದಳು. "ಬದಲ್ಸಿಕಂಡು ಬನ್ನಿ ಮಾರಾಯ್ರೆ. ಅಂಗಡಿ ತೆಗ್ದಿರ್ತು," ಎಂದಳು.

"ಆ ಮನ್ಷನ ಎದುರಿಗೆ ನಾ ಮತ್ತೆ ಹೋಗೂದಿಲ್ಲ."

"ಅವ ಎಂತ ಹುಲಿಯಾ?"

ಹುಲಿಯಾಗಿದ್ದರೆ ಹೋಗುತ್ತಿದ್ದೆ. ನಗುವ ಮನುಷ್ಯನ ಎದುರು ಹೋಗುವುದು ಕಷ್ಟ.

ಆಗ ನನಗೆ ಕಳ್ಳ ಸಿಕ್ಕಿದ. ಚೀಲದ ಒಳಬಟ್ಟೆಯ ಹಿಂದೆ ಸುತ್ತಲೂ ಹೆಬ್ಬೆರಳು ದಪ್ಪದ ಸ್ಪಂಜು! ಮಾಲು ಇರಬೇಕಾದ ಜಾಗದಲ್ಲಿ ಸ್ಪಂಜು ತುಂಬಿ ಚೀಲವನ್ನು ದಪ್ಪ ಕಾಣಿಸಿದ್ದಾರೆ. ನಮ್ಮ ವಖಾರಿಗೆ ಚೀಲದ ತಳಕ್ಕೆ ಸಿಪ್ಪೆ ತುಂಬಿ ಮೇಲೆ ಒಳ್ಳೆ ಅಡಿಕೆ ಹಾಕಿ ತರುವವರಿದ್ದರು. ಅಂಥವರನ್ನು ನಾನು ದಬ್ಬಣ ಚುಚ್ಚಿಯೇ ಹಿಡಿಯುತ್ತಿದ್ದೆ. ಚೀಲಕ್ಕೂ ಮಾಲಿಗೂ ನಡುವೆ ಏನಿದ್ದರೂ ಅದು ಮೋಸ. ಇದು ನಮ್ಮ ಕಸುಬಿನ ಮೊದಲ ಪಾಠ. ಬ್ಲೇಡು ತಂದು ಒಳಬಟ್ಟೆ ಬಿಚ್ಚಿ, ಇದ್ದಷ್ಟೂ ಸ್ಪಂಜನ್ನು ಎಳೆದು ಹೊರಗೆ ಹಾಕಿದೆ. ಸುಮಾ ಬರೆದ ಚೀಟಿ ಆಗಲೂ ನನ್ನ ಜೇಬಿನಲ್ಲೇ ಇತ್ತು. ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಹುಡುಗಿಗೆ ಏನು ಗೊತ್ತು ಎಂದುಕೊಂಡೆ.

ಗಂಗೆ ಆ ಸ್ಪಂಜಿನ ಒಂದು ತುಂಡನ್ನು ಎತ್ತಿ ಈಳಿಗೆಮಣೆಯ ಮೇಲೆ ಹಾಕಿಕೊಂಡು ಕುಳಿತಳು. "ಒಳ್ಳೆ ಮೆತ್ತಗಿದ್ದು," ಎಂದಳು.

ಲ್ಯಾಪ್‌ಟಾಪ್ ಈಗ ಒಳಗೆ ಹೋಯಿತು. ಜಿಪ್ಪು ಮಾತ್ರ ಮೂಲೆಯ ಹತ್ತಿರ ಬಂದು ನಿಂತಿತು. ಇಕ್ಕಳದಿಂದ ಎಳೆದೆ. ಜಿಪ್ಪಿನ ನಾಲಗೆ ಇಕ್ಕಳದ ಜೊತೆ ಬಂತು. ಮತ್ತೊಮ್ಮೆ ಎಳೆದೆ. ಹಲ್ಲುಗಳೂ ಬಂದವು. ಜಿಪ್ಪು ಕಂಡುಹಿಡಿದವನ ವಂಶವನ್ನೆಲ್ಲ ಬೈದು, ಅಟ್ಟದಿಂದ ನನ್ನ ಹಳೆಯ ದಬ್ಬಣವನ್ನೂ ಸುತಳಿಯ ಉಂಡೆಯನ್ನೂ ಇಳಿಸಿದೆ.

ವಖಾರಿ ಹೊಲಿಗೆಯ ಗುಟ್ಟನ್ನು ಇಲ್ಲಿ ಹೇಳಬೇಕು. ಸರಪಳಿಯ ಹಾಗೆ ಕುಣಿಕೆಯೊಳಗೆ ಕುಣಿಕೆ ಹಾಕುತ್ತ ಹೋಗಿ, ಕೊನೆಯಲ್ಲಿ ಗೇಣುದ್ದ ಬಾಲ ಬಿಡಬೇಕು. ಎಷ್ಟು ಜಗ್ಗಾಡಿದರೂ ಚೀಲ ಬಾಯಿ ಬಿಡುವುದಿಲ್ಲ. ಬೇಕಾದಾಗ ಬಾಲ ಹಿಡಿದು ಒಮ್ಮೆ ಎಳೆದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಅಷ್ಟು ಚೆಂದದ ಹೊಲಿಗೆಯನ್ನು ನಾನು ಅಡಿಕೆಗೂ ಹಾಕಿರಲಿಲ್ಲ.

ಸುಮಾ ಮನೆಗೆ ಬಂದದ್ದು ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ. ಯಲ್ಲಾಪುರದ ಬಸ್ಸಿಗೆ ಅರ್ಧ ಗಂಟೆ ಮಾತ್ರ ಇತ್ತು. ಚೀಲ ನೋಡಿ ಬಾಗಿಲಲ್ಲೇ ನಿಂತಳು.

"ಮಾವ, ಇದು ಎಂತದು?"

"ಹೊಲಿಗೆ."

"ಒಳಗಿನ ಸ್ಪಂಜು?"

ನಾನು ಉತ್ತರಿಸುವ ಮೊದಲೇ ಅವಳಿಗೆ ಈಳಿಗೆಮಣೆ ಕಾಣಿಸಿತು. ಗಡಿಯಾರ ನೋಡಿದಳು. ಬಟ್ಟೆ ಚೀಲಕ್ಕೆ ಹಿಡಿಕೆಯಿರಲಿಲ್ಲ, ಬೇರೆ ಚೀಲ ಹುಡುಕಲು ಹೊತ್ತಿರಲಿಲ್ಲ.

"ಬಿಚ್ಚೂದು ನಿನ್ಗೆ ಬರೂದಿಲ್ಲ. ನಾನೂ ಬರ್ತೆ," ಎಂದೆ.

"ನಾ ಹೋಗ್ತೆ ಮಾವ. ಕತ್ರಿ ಇದ್ದು."

ಕತ್ತರಿ! ಸರಪಳಿ ಹೊಲಿಗೆಗೆ ಕತ್ತರಿ ಹಾಕುತ್ತಾಳಂತೆ. ಸಿಟ್ಟಿನಲ್ಲಿ ಚೀಲವನ್ನು ನಾನೇ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದೆ.

ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಹಿಡಿದು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಗುವನ್ನು ಅಪ್ಪಿಕೊಂಡಂತೆ ಅಪ್ಪಿಕೊಂಡು ಕುಳಿತೆ. ಸುಮಾ ಎರಡು ಸಲ ಕೈ ಚಾಚಿದಳು. ಕೊಡಲಿಲ್ಲ. ಯಲ್ಲಾಪುರ ಬಂತು. ಎದ್ದೆ. ಚೀಲ ಏಳಲಿಲ್ಲ. ಸುತಳಿಯ ಬಾಲ ಮುಂದಿನ ಸೀಟಿನ ಬೋಲ್ಟಿಗೆ ಸಿಕ್ಕಿಹಾಕಿಕೊಂಡಿತ್ತು. ನನಗದು ಕಾಣಲಿಲ್ಲ.

"ಅಜ್ಜ, ಬೇಗ ಇಳೀರಿ. ನಿಮ್ಮ ಒಬ್ರ ಬಸ್ಸಲ್ಲ," ಎಂದ ಕಂಡಕ್ಟರು.

"ಎಂತಾ ಅವಸರ ನಿನ್ಗೆ?" ಎಂದು ಅವನ ಕಡೆ ತಿರುಗಿ ಗುಡುಗುತ್ತ, ಚೀಲವನ್ನು ಬಲವಾಗಿ ಜಗ್ಗಿದೆ.

ನನ್ನ ಹೊಲಿಗೆ ಒಂದಿಷ್ಟೂ ಮೋಸ ಮಾಡಲಿಲ್ಲ. ಸರ್ರನೆ ಬಿಚ್ಚಿತು. ಈ ಕೊನೆಯಿಂದ ಆ ಕೊನೆಯವರೆಗೆ, ಹೇಗೆ ಬಿಚ್ಚಬೇಕೋ ಹಾಗೇ ಬಿಚ್ಚಿತು. ಲ್ಯಾಪ್‌ಟಾಪ್ ಬಸ್ಸಿನ ಮೊದಲ ಮೆಟ್ಟಿಲಿಗೆ ಬಡಿಯಿತು, ಎರಡನೆಯದಕ್ಕೂ ಬಡಿಯಿತು, ನಿಲ್ದಾಣದ ಕಾಂಕ್ರೀಟಿನ ಮೇಲೆ ಹೋಗಿ ಮಲಗಿತು. ಮೊಬೈಲು, ಟ್ಯಾಬು, ವೈರುಗಳೆಲ್ಲ ಅದನ್ನು ಹಿಂಬಾಲಿಸಿದವು. ನನ್ನ ಕೈಯಲ್ಲಿ ಖಾಲಿ ಚೀಲ ಉಳಿಯಿತು. ಅದರ ತಳ ಮಾತ್ರ ಗಟ್ಟಿಯಾಗಿತ್ತು.

ಸುಮಾ ಕಾಂಕ್ರೀಟಿನ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು. ಪರದೆಯ ಬಲ ಅರ್ಧ ಶಾಯಿ ಚೆಲ್ಲಿದಂತೆ ಕಪ್ಪಾಗಿತ್ತು. ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಶಾಲೆಯ ಕಡೆ ನಡೆದಳು. ಖಾಲಿ ಚೀಲ ಹೊತ್ತು ನಾನು ಹಿಂದೆ.

ಉಳಿದ ಅರ್ಧ ಪರದೆಯಲ್ಲೇ ಅವಳು ಪರೀಕ್ಷೆ ಮಾಡಿ ತೋರಿಸಿದಳು. ಮಕ್ಕಳು ಕೈ ಎತ್ತಿದರು. ಆದರೆ ಯಾವ ಮಗುವಿಗೆ ಎಷ್ಟು ಕೇಳಿಸಿತೆಂಬ ಪಟ್ಟಿ ಪರದೆಯ ಬಲಭಾಗದಲ್ಲಿ ಬರುತ್ತದಂತೆ. ಆ ಭಾಗ ಕತ್ತಲು. ಅವಳು ನೆನಪಿನಿಂದ ಕಾಗದದ ಮೇಲೆ ಬರೆಯುತ್ತ ಹೋದಳು. ಹೊತ್ತು ಹೋಯಿತು. ಕನ್ನಡಕದ ಹೆಂಗಸೊಬ್ಬರು, ಅವರೇ ದೊಡ್ಡವರಿರಬೇಕು, ಕೇಳಿದರು: "ಸುಮಾ, ಸಂಸ್ಥೆಯ ಲ್ಯಾಪ್‌ಟಾಪ್ ಇದು. ಹೇಗೆ ಒಡೆಯಿತು?"

"ನನ್ನ ಕೈಯಿಂದ ಬಿತ್ತು ಮೇಡಂ," ಎಂದಳು ಸುಮಾ.

ನಾನು ಬಾಗಿಲ ಹೊರಗೇ ನಿಂತಿದ್ದೆ. ಎಲ್ಲ ಕೇಳಿಸಿತು. ನನ್ನ ಕಿವಿಗೆ ಯಾವ ದೋಷವೂ ಇಲ್ಲ. ಎರಡು ಹೆಜ್ಜೆ ಒಳಗಿಟ್ಟು, "ಬೀಳ್ಸಿದ್ದು ನಾನು" ಎಂದರೆ ಮುಗಿಯುತ್ತಿತ್ತು. ಅಂಗಡಿಯವನ ಎದುರು, ಕಂಡಕ್ಟರನ ಎದುರು, ಹೆಂಡತಿಯ ಎದುರು ಗುಡುಗುವ ನನ್ನ ಬಾಯಿ ಆಗ ಮೊಳೆ ಹೊಡೆದಂತೆ ಮುಚ್ಚಿಕೊಂಡಿತ್ತು. ಇದಕ್ಕೆ ಯಾವ ಜಿಪ್ಪನ್ನೂ ದೂರುವಂತಿಲ್ಲ.

ಸಿದ್ದಾಪುರದ ಹುಡುಗನಿಗೆ ಖಾಯಂ ಆಯಿತು. ಸುಮಾಳನ್ನು ಇನ್ನೂ ಮೂರು ತಿಂಗಳು ಗುತ್ತಿಗೆಯಲ್ಲೇ ಇಟ್ಟು ನೋಡುತ್ತಾರಂತೆ.

ವಾಪಸು ಬರುವ ಬಸ್ಸಿನಲ್ಲಿ ಧೈರ್ಯ ಮಾಡಿದೆ. "ನಾ ಬೀಳ್ಸಿದ್ದು ಅಂತ ಎಂತಕ್ಕೆ ಹೇಳ್ಲಿಲ್ಲೆ? ನಾಳೆ ನಾನೇ ಹೋಗಿ ಹೇಳಿ ಬರ್ತೆ."

ಸುಮಾ ಕಿಟಕಿಯಿಂದ ಮುಖ ತಿರುಗಿಸಿದಳು. "ಹೇಳ್ಬ್ಯಾಡಿ ಮಾವ. ಕೈಯಿಂದ ಬಿತ್ತು ಅಂದ್ರೆ ಒಂದ್ಸಲ ಬಿತ್ತು ಅಂತಾಗ್ತು. ಚೀಲ ಹೊರೂಕೆ ಮಾವನ್ನ ಕರ್ಕಂಡು ಬಂದಿದ್ದೆ ಅಂದ್ರೆ, ಇಂಥೋಳಿಗೆ ಒಬ್ಳೇ ಹಳ್ಳಿ ತಿರುಗೂಕೆ ಆಗ್ತಾ ಅಂತ ಕೇಳ್ತ್ರು. ಅದಕ್ಕೆ ನನ್ನ ಹತ್ರ ಉತ್ರ ಇಲ್ಲೆ."

ಲ್ಯಾಪ್‌ಟಾಪ್ ಬಿದ್ದದ್ದಷ್ಟೇ ನನ್ನ ತಪ್ಪು ಎಂದುಕೊಂಡಿದ್ದೆ. ನಾನು ಆ ಬಸ್ಸು ಹತ್ತಿದ್ದೇ ಅದಕ್ಕಿಂತ ದೊಡ್ಡ ತಪ್ಪಾಗಿತ್ತು. ಜಿಪ್ಪು, ಸ್ಪಂಜು, ಬೋಲ್ಟು, ಕಂಡಕ್ಟರು ಎಲ್ಲರ ಮೇಲಿದ್ದ ಸಿಟ್ಟು ಶಿರಸಿ ಮುಟ್ಟುವಷ್ಟರಲ್ಲಿ ಒಬ್ಬನ ಮೇಲೆಯೇ ಬಂದು ನಿಂತಿತ್ತು. ಆ ಒಬ್ಬನನ್ನು ಬೈದರೆ ತಿರುಗಿ ಬೈಯುವುದೂ ಇಲ್ಲ. ಹಾಗಾಗಿ ದಿನವೂ ಬೈಯುತ್ತಿದ್ದೇನೆ.

ಮುಂದಿನ ಸೋಮವಾರ ಸುಮಾ ತಾನೇ ನೋಡಿ ತಂದ ಚೀಲವನ್ನು ಬೆನ್ನಿಗೇರಿಸಿ ಅಂಗಳಕ್ಕಿಳಿದಳು. ನನ್ನ ಕಾಲುಗಳು ತಾವಾಗಿಯೇ ಚಪ್ಪಲಿ ಹಾಕಿಕೊಂಡವು.

"ಬಸ್ ಸ್ಟ್ಯಾಂಡ್‌ವರೆಗೆ..." ಎಂದೆ.

"ಗೇಟು ಹಾಕ್ಕಳಿ ಮಾವ," ಎಂದಳು, ತಿರುಗಿ ನೋಡದೆ.

ಗೇಟು ಹಾಕಿದೆ. ಆ ಕೆಲಸದಲ್ಲಿ ಮಾತ್ರ ನನ್ನಿಂದ ಯಾವ ತಪ್ಪೂ ಆಗಲಿಲ್ಲ. ಚಿಲಕ ಮೂರನೆಯ ಸಲಕ್ಕೇ ಬಿತ್ತು.