‘ಬರ್ತೇನ್ರಿ’ ಅಂದದ್ದೇ ತಪ್ಪಾಯಿತು

ತರಬೇತಿ ಎಂಬ ಶಬ್ದ ಕೇಳಿದರೆ ಈಗೀಗ ನನಗೆ ಮೈಯೆಲ್ಲ ಉರಿಯುತ್ತದೆ. ಕ್ಯಾನ್ಸರ್ ರೋಗಿಗಳಿಗೆ ತಾರೀಖು ನೆನಪಿಸುವುದು, ಯಾವ ಕೋಣೆ, ಯಾವ ಸಾಲು ಎಂದು ತೋರಿಸುವುದು, ಹೆದರಿ ಮನೆಯಲ್ಲೇ ಕುಳಿತವರನ್ನು ಎಬ್ಬಿಸಿ ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟಿಸುವುದು ಶಿಗ್ಗಾಂವದಲ್ಲಿ ನನ್ನ ಕೆಲಸ. ಕಾಗದದ ಮೇಲೆ ನಾನು ‘ರೋಗಿ ಮಾರ್ಗದರ್ಶಿ’. ಯೋಜನೆಯೊಂದರ ಅಡಿಯಲ್ಲಿ ವರ್ಷ ವರ್ಷ ನವೀಕರಣವಾಗುವ ಹುದ್ದೆ. ಅದಕ್ಕೆ ತರಬೇತಿಗಳ ಹಾಜರಿ ಬೇಕು. ಹೀಗಾಗಿ ರೋಗಿಗಳ ಮುಖಕ್ಕಿಂತ ಪರದೆಯ ಮೇಲಿನ ಚೌಕ, ಬಾಣಗಳನ್ನೇ ಹೆಚ್ಚು ನೋಡಿದ್ದೇನೆ. ಪ್ರಮಾಣಪತ್ರಗಳನ್ನು ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿದರೂ ಇನ್ನೂ ಉಳಿದಿವೆ.

ದುಂಡಸಿಯ ಗಂಗವ್ವನಿಗೆ ಸ್ತನ ಕ್ಯಾನ್ಸರ್. ಆರು ಸಲ ಔಷಧ ಏರಿಸಬೇಕು, ಎರಡಾಗಿತ್ತು. ಮೂರನೆಯದು ಗುರುವಾರ. ಜೊತೆಗೆ ಬರುತ್ತಿದ್ದ ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು. ನಾನು ಮನೆಗೇ ಹೋಗಿ, ಶಿಗ್ಗಾಂವ ನಿಲ್ದಾಣದಲ್ಲಿ ಎಷ್ಟು ಹೊತ್ತಿಗೆ ಯಾವ ಬಸ್ಸು ಹತ್ತಬೇಕೆಂದು ತಿಳಿಸಿ, ಚಹಾ ಕುಡಿದು, ಏಳುತ್ತ “ಬರ್ತೇನ್ರಿ ಅವ್ವಾ” ಎಂದೆ. ಚಿಕ್ಕವಳಿದ್ದಾಗ ಯಾರದೋ ಮನೆಯಲ್ಲಿ ‘ಹೋಗ್ತೇನಿ’ ಎಂದು ಅವ್ವನಿಂದ ತಲೆಗೆ ಮೊಟಕಿಸಿಕೊಂಡವಳು ನಾನು. ಕಾಯಿಲೆಯವರ ಮನೆಯಲ್ಲಂತೂ ಆ ಮಾತಿಗೆ ನಾಲಿಗೆಯೇ ಏಳುವುದಿಲ್ಲ.

ಗುರುವಾರ ನಾನು ಹಾವೇರಿಯಲ್ಲಿ ತರಬೇತಿಯಲ್ಲಿದ್ದೆ. ಗಂಗವ್ವನಿಗೆ ಗೊತ್ತಿರುವ ದಾರಿ, ತಾನೇ ಹೋಗುತ್ತಾಳೆಂದು ನನ್ನ ಎಣಿಕೆ. ಅಂದಿನ ವಿಷಯ, ರೋಗಿಯೊಡನೆ ಸ್ಪಷ್ಟವಾಗಿ ಮಾತನಾಡುವ ಕಲೆ. ಫೋನು ಬಂದ್ ಇಡಬೇಕೆಂಬುದು ಅಲ್ಲಿಯ ಮೊದಲ ನಿಯಮ. ಆ ಹೊತ್ತಿಗೆ ಗಂಗವ್ವ ಫೈಲು ಹಿಡಿದು ಮಧ್ಯಾಹ್ನದವರೆಗೆ ನಿಲ್ದಾಣದಲ್ಲಿ ನನ್ನ ದಾರಿ ಕಾದು, ಮನೆಗೆ ಮರಳಿದ್ದಳು.

ಮರುದಿನ ವಿಷಯ ತಿಳಿದು ದುಂಡಸಿಗೆ ಓಡಿದೆ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನೀವ ಬರ್ತೇನಿ ಅಂದಿದ್ರಿ ಅಕ್ಕಾರ. ಅದಕ್ಕ ಬಸ್ಸು ಬಂದ್ರೂ ಹತ್ತಲಿಲ್ಲ.”

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬೈಯುವ ಕೆಲಸವನ್ನು ಹುಬ್ಬಳ್ಳಿಯ ಡಾಕ್ಟರು ಮಾಡಿದರು. ಇನ್ನು ತಡವಾದರೆ ಹಿಂದಿನ ಎರಡೂ ವ್ಯರ್ಥವಾದಾವೆಂದು ಹೇಳಿ ಸೋಮವಾರಕ್ಕೆ ಕರೆದರು. ಸೋಮವಾರವೂ ತರಬೇತಿ. ಯೋಜನೆಯನ್ನು ಬಹುಕಾಲ ಉಳಿಸಿಕೊಳ್ಳುವುದು ಹೇಗೆ ಎಂಬುದರ ಮೇಲೆ. ತಪ್ಪಿಸಿದರೆ ನವೀಕರಣ ಕಷ್ಟ ಎಂದು ಮೇಲಿನವರು ಫೋನಿನಲ್ಲಿ ತಿಳಿಸಿದರು. ರೋಗಿಯೇ ಉಳಿಯದಿದ್ದರೆ ಯೋಜನೆ ಉಳಿದು ಯಾರನ್ನು ಉದ್ಧಾರ ಮಾಡುತ್ತದೆ ಎಂದು ಕೇಳಬೇಕೆಂದಿದ್ದೆ. “ಆತ್ರಿ ಸರ್” ಎಂದು ಫೋನಿಟ್ಟೆ.

ಸೋಮವಾರ ತರಬೇತಿ ಬಿಟ್ಟು ಗಂಗವ್ವನ ಜೊತೆ ಹುಬ್ಬಳ್ಳಿ ಬಸ್ಸು ಹತ್ತಿದೆ. ನೌಕರಿಯ ಚಿಂತೆಯಲ್ಲಿ ಮೂರು ದಿನದಿಂದ ನಿದ್ದೆಯಿರಲಿಲ್ಲ. ಅವಳಿಗೆ ಧೈರ್ಯ ಹೇಳಲೆಂದು ಬಾಯಿ ತೆರೆದದ್ದಷ್ಟೇ ನೆನಪು. ಭುಜ ಅಲುಗಿಸಿ ಎಬ್ಬಿಸಿದವಳು ಅವಳೇ. ಒಂದು ಕೈಯಲ್ಲಿ ತನ್ನ ಫೈಲು, ಇನ್ನೊಂದರಲ್ಲಿ ನನ್ನ ಬ್ಯಾಗು.

“ಏಳ ಯವ್ವಾ, ಹುಬ್ಬಳ್ಳಿ ಬಂತು. ನನ್ನ ಹಿಂದಿಂದನ ಬಾ, ಗದ್ದಲದಾಗ ತಪ್ಪಿಸ್ಕೊಂಡಿ ಮತ್ತ.”

ನಾನು ಕಣ್ಣುಜ್ಜಿಕೊಳ್ಳುತ್ತ, ಅವಳ ಸೆರಗು ನೋಡಿಕೊಂಡು ಇಳಿದೆ.