ಎಣ್ಣೆ ಬಿಟ್ಟ ಪ್ರಸಂಗ

ಕನ್ನಡ ಮೇಷ್ಟ್ರಾದವನು ಕಾರಿನ ಅಡಿಗೆ ಹೋಗಬಾರದು ಎಂದು ಯಾವ ವ್ಯಾಕರಣದಲ್ಲೂ ಬರೆದಿಲ್ಲ. ಬರೆದಿದ್ದರೆ ನಾನು ಹೋಗುತ್ತಿರಲಿಲ್ಲ, ಈಗ ನಿಮ್ಮೆದುರು ಕೂತು ಈ ಗೋಳು ಹೇಳಿಕೊಳ್ಳಬೇಕಾದ ಸ್ಥಿತಿಯೂ ಬರುತ್ತಿರಲಿಲ್ಲ.

ನನ್ನ ಹೆಸರು ಮರುಳಸಿದ್ದಪ್ಪ. ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಕನ್ನಡ ಕಲಿಸಿ ಎರಡು ಸಾವಿರದ ಮೂರರಲ್ಲಿ ನಿವೃತ್ತನಾದೆ. ನಿವೃತ್ತಿಯ ನೆನಪಿಗೆ ಒಂದು ಹಳೇ ಮಾರುತಿ ಕಾರು ಕೊಂಡೆ. (ಶಾಲು ಮತ್ತು ಗಂಧದ ಹಾರ ಶಾಲೆಯವರು ಕೊಟ್ಟರು, ಕಾರು ನಾನೇ ಕೊಳ್ಳಬೇಕಾಯಿತು.) ಆ ಕಾರಿನ ಆಯಿಲ್ ಬದಲಾಯಿಸುವ ಸಕಲ ಜವಾಬ್ದಾರಿ ವಾಸಪ್ಪನದು. ವಾಸಪ್ಪ ನನ್ನ ಹಳೇ ಶಿಷ್ಯ. ಒಂಬತ್ತನೇ ತರಗತಿಯಲ್ಲಿ ಕನ್ನಡದಲ್ಲೇ ಫೇಲಾಗಿ, ಬಸ್ ಸ್ಟ್ಯಾಂಡ್ ಹಿಂದೆ ಗ್ಯಾರೇಜು ಹಾಕಿದವನು. ನಾನು ಕೊಟ್ಟ ಅಂಕದಿಂದಲೇ ಅವನು ಮೆಕ್ಯಾನಿಕ್ ಆದದ್ದು ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ನಗುತ್ತಿದ್ದೆ. ಅವನೂ ನಗುತ್ತಿದ್ದ. ಕೆಲಸಗಾರನೆಂದರೆ ಕೆಲಸಗಾರ, ಆದರೆ ಕುಡಿತ ಇತ್ತು.

ಅದು ಒಂದು ದಿನ ನನ್ನ ತಲೆಗೇ ಬಂತು. ಶಿವಮೊಗ್ಗದಲ್ಲಿ ನನ್ನ ತಂಗಿಯ ಮಗಳ ಮದುವೆ. ಹಿಂದಿನ ದಿನ ವಾಸಪ್ಪ ಆಯಿಲ್ ಬದಲಾಯಿಸಿ ಕೊಟ್ಟಿದ್ದ. ಅಡಿಯ ಬೋಲ್ಟು ಬಿಗಿ ಮಾಡುವುದನ್ನು ಮಾತ್ರ ಮರೆತಿದ್ದ. ಮುತ್ತಿನಕೊಪ್ಪ ದಾಟುವಷ್ಟರಲ್ಲಿ ಎಣ್ಣೆಯೆಲ್ಲ ರಸ್ತೆಗೆ ಅಭಿಷೇಕವಾಗಿ ಎಂಜಿನ್ ಕಟ್ಟಿಕೊಂಡಿತು. ನನ್ನ ಧರ್ಮಪತ್ನಿ ದಾಕ್ಷಾಯಿಣಿ ರೇಷ್ಮೆ ಸೀರೆಯಲ್ಲಿ, ಮಡಿಲಲ್ಲಿ ಮುಯ್ಯಿಯ ಪಾತ್ರೆ ಇಟ್ಟುಕೊಂಡು, ಮೈಲಿಗಲ್ಲಿನ ಮೇಲೆ ಮೂರು ಗಂಟೆ ಕೂತಳು. ನಾವು ಮದುವೆ ಮನೆ ಮುಟ್ಟಿದಾಗ ಎಲೆ ಎತ್ತುತ್ತಿದ್ದರು.

ಮರುದಿನ ಗ್ಯಾರೇಜಿಗೆ ಹೋಗಿ ವಾಸಪ್ಪನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆ: ಕುಡಿಯುವುದು ನಿಲ್ಲಿಸಿದ ದಿನ ಬಂದು ಹೇಳು, ಅಲ್ಲಿಯವರೆಗೆ ನನ್ನ ಕಾರು ಮುಟ್ಟಬೇಡ, ನನ್ನ ಮುಖವನ್ನೂ ನೋಡಬೇಡ. ಅವನು ತಲೆ ತಗ್ಗಿಸಿ ನಿಂತಿದ್ದ. ತರಗತಿಯಲ್ಲೂ ಹೀಗೇ ನಿಲ್ಲುತ್ತಿದ್ದ.

ಹೀಗೆ ನನ್ನ ಕಾರು ಅನಾಥವಾಯಿತು. ಎಂಜಿನ್ನನ್ನೇನೋ ಶಿವಮೊಗ್ಗದಲ್ಲಿ ರಿಪೇರಿ ಮಾಡಿಸಿದೆ. ಆದರೆ ಪ್ರತಿಸಲ ಆಯಿಲ್ಲಿಗೆಂದು ಅಷ್ಟು ದೂರ ಹೋಗಲಾಗುತ್ತದೆಯೇ? ಮೂರು ತಿಂಗಳು ಕಳೆದ ಮೇಲೆ ಕಾರಿನ ಜೊತೆ ಬಂದಿದ್ದ ಪುಸ್ತಕ ತೆಗೆದು ಓದಿದೆ. ಅಡಿಯ ಬೋಲ್ಟು ಬಿಚ್ಚು, ಹಳೆಯದನ್ನು ಹರಿಸು, ಬೋಲ್ಟು ಹಾಕು, ಹೊಸದನ್ನು ಸುರಿ. ಹಳಗನ್ನಡದ ಪದ್ಯಗಳನ್ನೇ ಬಿಚ್ಚಿ ಕಟ್ಟಿದವನಿಗೆ ಇದೊಂದು ಬೋಲ್ಟು ಯಾವ ಲೆಕ್ಕ ಅನ್ನಿಸಿತು.

"ಅಲ್ರೀ, ಸೈಕಲ್ ಚೈನ್ ಬಿದ್ರೆ ಹಾಕಕ್ಕೆ ಬರಲ್ಲ ನಿಮಗೆ. ಕಾರಿನ ಅಡಿಗೆ ಹೋಗಿ ಎಂತ ಮಾಡ್ತೀರಿ?" ಎಂದಳು ದಾಕ್ಷಾಯಿಣಿ.

"ಸ್ವಾವಲಂಬನೆ," ಎಂದೆ.

"ಅದನ್ನ ಒರೆಸಕ್ಕೆ ನನ್ನ ಸೀರೆ ತಗಬೇಡಿ ಮತ್ತೆ," ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಹೊರಗೆ ಬಂದು ಇನ್ನೇನೋ ಹೇಳಹೊರಟಳು. ನಾನು ಆಗಲೇ ಗೋಣಿಚೀಲ ಹಾಸಿಕೊಂಡು ಕಾರಿನಡಿ ಅರ್ಧ ತೂರಿದ್ದರಿಂದ ಕೇಳಿಸಿಕೊಳ್ಳಲಿಲ್ಲ.

ಅದು ಭಾನುವಾರ. ಮೊದಲೇ ಕದ್ದು ತಂದಿದ್ದ ಅವಳ ತವರಿನ ದೋಸೆಹಿಟ್ಟಿನ ಬೇಸಿನ್ನನ್ನು ಕೆಳಗಿಟ್ಟು ಬೋಲ್ಟು ಬಿಚ್ಚಿದೆ. ಎಣ್ಣೆ ಬಂತು. ಕಪ್ಪಾಗಿ ಬರುತ್ತದೆಂದು ಪುಸ್ತಕ ಹೇಳಿತ್ತು, ಬಂದದ್ದು ಮಂದವಾಗಿ, ಬೆಲ್ಲದ ಪಾಕದ ಬಣ್ಣದಲ್ಲಿತ್ತು. ಇಷ್ಟು ಚೊಕ್ಕ ಎಣ್ಣೆಯನ್ನು ಬದಲಾಯಿಸಿ ಅಂಗಡಿಯವರು ಲೋಕವನ್ನೇ ಮೋಸ ಮಾಡುತ್ತಿದ್ದಾರಲ್ಲ ಎಂದು ಸಿಟ್ಟು ಬಂತು. ಮೂರು ಲೀಟರಿನ ಬದಲು ಎರಡೇ ಬಂತು. ಉಳಿದದ್ದು ಉರಿದು ಹೋಗಿರಬೇಕೆಂದು ತೀರ್ಮಾನಿಸಿ, ಹೊಸ ಡಬ್ಬ ಒಡೆದು ಮೂರೂ ಲೀಟರ್ ಮೇಲಿನಿಂದ ಸುರಿದೆ. ಆ ದಿನ ಸಂಜೆವರೆಗೂ ಕೈ ತೊಳೆಯದೆ ಬೀದಿಯಲ್ಲಿ ಓಡಾಡಿದೆ, ನಾಲ್ಕು ಜನ ನೋಡಲಿ ಅಂತ.

ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರ ಹೋದರೆ ಕಾರಿನ ವೈಪರ್ ಅಡಿಯಲ್ಲಿ ಒಂದು ಚೀಟಿ. ಸಿಗರೇಟು ಪ್ಯಾಕಿನ ಒಳಹಾಳೆಯ ಮೇಲೆ, ಒತ್ತಕ್ಷರ ಎಲ್ಲ ಅಡ್ಡಾದಿಡ್ಡಿ, ನಾನು ಕೆಂಪು ಶಾಯಿ ಹಾಕಿ ಹಾಕಿ ಬೇಸತ್ತಿದ್ದ ಅದೇ ಕೈಬರಹ:

"ಎಣ್ಣೆ ಬಿಟ್ಟಿದ್ದೀನಿ ಮೇಷ್ಟ್ರೇ. ವಾಸಪ್ಪ."

ನಾನು ಸುರಿದ ಮೇಲೆ ಇವನೂ ಬಂದು ಸುರಿದಿದ್ದಾನೆ! ಬಾನೆಟ್ ಎತ್ತಿ ಎಣ್ಣೆ ಅಳೆಯುವ ಕಡ್ಡಿ ಹೊರತೆಗೆದೆ. ಗುರುತು ಮುಳುಗಿ ಕಡ್ಡಿಯ ಕುತ್ತಿಗೆವರೆಗೂ ಎಣ್ಣೆ. ಸಾಕ್ಷಿ ಸಿಕ್ಕಿತು. ನನ್ನ ಮೊದಲ ಸ್ವಾವಲಂಬನೆಯನ್ನು ಹಾಳು ಮಾಡಿದ ಈ ದ್ರೋಹಿಯನ್ನು ವಿಚಾರಿಸದೆ ಬಿಡಬಾರದೆಂದು ಅದೇ ಕಾರಿನಲ್ಲಿ ಹೊರಟೆ. ಕಾರು ಹಿಂದೆ ಹೊಗೆ ಬಿಡುತ್ತಿತ್ತು, ಒಳಗೆ ನಾನು.

ಗ್ಯಾರೇಜಿನ ಪಕ್ಕದಲ್ಲೇ ತಿಮ್ಮಪ್ಪನ ಟೀ ಅಂಗಡಿ. ಅಲ್ಲಿ ಏಳೆಂಟು ಜನ ಕೂತಿದ್ದರು. ವಾಸಪ್ಪ ನನ್ನನ್ನು ಕಂಡವನೇ ಕೈ ಒರೆಸಿಕೊಂಡು ಓಡಿ ಬಂದ. ಕ್ಷೌರ ಮಾಡಿಸಿದ್ದ, ಇಸ್ತ್ರಿ ಶರಟು ಹಾಕಿದ್ದ. ಮುಖ ಅರಳಿತ್ತು. ಅದೆಲ್ಲ ನನಗೆ ಈಗ ನೆನಪಾಗುತ್ತದೆ, ಆಗ ಕಣ್ಣಿಗೆ ಬೀಳಲಿಲ್ಲ.

"ಚೀಟಿ ನೋಡಿದ್ರಾ ಮೇಷ್ಟ್ರೇ?" ಎಂದ.

"ನೋಡಿದೆ. ಎಣ್ಣೆ ಬಿಡು ಅಂತ ನಿಂಗೆ ಹೇಳಿದ್ಯಾರು?"

ಅವನ ಮುಖ ಸ್ವಲ್ಪ ಸಣ್ಣಗಾಯಿತು. "ನೀವೇ ಅಲ್ವಾ ಹೇಳಿದ್ದು?"

"ನಾನ್ಯಾವಾಗ ಹೇಳ್ದೆ? ಯಾವಾಗ ಬಿಟ್ಟಿದ್ದು ಹೇಳು ಮೊದ್ಲು."

"ತೊಂಬತ್ತೊಂದು ದಿನ ಆಯ್ತು."

"ಅಂದ್ರೆ ಹಳೇ ಎಣ್ಣೆ," ಎಂದೆ ನಾನು, ಮೂರು ತಿಂಗಳ ಹಳಸಲನ್ನು ನನ್ನ ಕಾರಿಗೆ ಸುರಿದಿದ್ದಾನೆ ಎಂದುಕೊಂಡು, ಟೀ ಅಂಗಡಿಯ ಕಡೆ ತಿರುಗಿ. ಅಲ್ಲಿ ಎಲ್ಲರೂ ನಕ್ಕರು. ಅವರಿಗೆ ಏನರ್ಥವಾಯಿತೋ, ಮೇಷ್ಟ್ರು ವಾಸಪ್ಪನನ್ನು ಬೈಯುತ್ತಿದ್ದಾರೆ ಎನ್ನುವುದಂತೂ ಅರ್ಥವಾಯಿತು. ಜನ ನಕ್ಕರೆ ನನಗೆ ಮಾತು ನಿಲ್ಲಿಸಲು ಬರುವುದಿಲ್ಲ, ಇದು ಮೂವತ್ತಮೂರು ವರ್ಷದ ರೋಗ. ಇವನು ಬಿಟ್ಟರೂ ಅಷ್ಟೆ, ಬಿಡದಿದ್ದರೂ ಅಷ್ಟೆ, ಇವನ ಕೈಯಲ್ಲಿ ಒಳ್ಳೆಯದಾಗುವುದು ಏನಿದೆ ಎಂದೆ. ಕೊನೆಗೆ, "ನೀನು ಬಿಟ್ಟಿದ್ದರಿಂದ ನಂಗೆ ಎಂತದೂ ಆಗ್ಬೇಕಾಗಿಲ್ಲ. ಬಿಟ್ಟಿದ್ದನ್ನ ವಾಪಸ್ ತಗೋ," ಎಂದು ಮುಗಿಸಿದೆ.

ವಾಸಪ್ಪ ಕೈಯಲ್ಲಿದ್ದ ಬಟ್ಟೆ ಮಡಿಸಿ ಹೆಗಲಿಗೆ ಹಾಕಿದ. ಆಮೇಲೆ, "ಆಯ್ತು ಮೇಷ್ಟ್ರೇ," ಎಂದಷ್ಟೇ ಹೇಳಿ ಒಳಗೆ ಹೋದ.

ದಿಗ್ವಿಜಯ ಮುಗಿಸಿ ವಾಪಸು ಬರುವಾಗ ಕಾರು ಅಳತೊಡಗಿತು. ಗೇರು ಬದಲಾಯಿಸಿದಾಗಲೆಲ್ಲ ಊಳಿಡುತ್ತಿತ್ತು. ಮನೆಯ ತಿರುವಿನಲ್ಲಿ ನಿಂತೇ ಬಿಟ್ಟಿತು. ಕೊಪ್ಪದಿಂದ ಕಲ್ಲೇಶ್ ಎಂಬ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಅಡಿಗೆ ಹೋಗಿ ಬಂದು, ಅಳೆಯುವ ಕಡ್ಡಿ ನೋಡಿ, ಆ ಬೇಸಿನ್ನಿಗೆ ಬೆರಳದ್ದಿ ಮೂಸಿ ನೋಡಿ, ಯಾರು ಮಾಡಿದ್ದು ಎಂದು ಕೇಳಿದ. ನಾನು ಬೇಸಿನ್ನನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದೆ.

"ಇದು ಎಂಜಿನ್ ಆಯಿಲ್ ಅಲ್ಲ ಸಾರ್. ಗೇರ್‌ಬಾಕ್ಸಿಂದು. ಬೇರೆ ಬೋಲ್ಟು ಬಿಚ್ಚಿದ್ದಾರೆ. ಗೇರ್‌ಬಾಕ್ಸ್ ಒಣಗಿ ಕೂತಿದೆ, ಎಂಜಿನ್ನಲ್ಲಿ ಹಳೇದರ ಮೇಲೇ ಹೊಸದು ಸುರಿದಿದ್ದಾರೆ."

ಮೂರು ಲೀಟರ್ ಹಳೆಯದು, ಮೂರು ಲೀಟರ್ ನನ್ನದು. ಹಾಗಾದರೆ ವಾಸಪ್ಪ ಬಿಟ್ಟದ್ದು ಎಲ್ಲಿ ಹೋಯಿತು? ಸಂಜೆ ಚೀಟಿ ಹಿಡಿದುಕೊಂಡು ದೇವರ ಕೋಣೆಗೇ ಹೋಗಿ ದಾಕ್ಷಾಯಿಣಿಯನ್ನು ಕೇಳಿದೆ. ಅವಳು ದೀಪಕ್ಕೆ ಎಣ್ಣೆ ಬಿಡುತ್ತಿದ್ದಳು. ಒಂದೇ ಸಲ ಓದಿದಳು.

"ಇದರಲ್ಲಿ ಕಾರಿನ ಸುದ್ದಿ ಎಲ್ಲಿದೆ ರೀ?" ಎಂದಳು. "ಕುಡಿಯೋದು ಬಿಟ್ಟಿದ್ದೀನಿ ಅಂತ ಬರೆದಿದ್ದಾನೆ. ಅವನ ಹೆಂಡ್ತಿ ಗುಡ್ಡಮ್ಮ ಹಿಟ್ಟಿನ ಗಿರಣಿಲಿ ಸಿಕ್ಕಿ ಅಳ್ತಾ ಹೇಳಿದ್ಳು, ಮೂರು ತಿಂಗಳಿಂದ ಮುಟ್ಟಿಲ್ವಂತೆ, ಮೇಷ್ಟ್ರ ಮುಖ ನೋಡಬೇಕು ಅಂತ. ಭಾನುವಾರ ಹೇಳಕ್ಕೆ ಬಂದೆ. ನೀವು ಕಾರಿನಡಿ ಇದ್ರಿ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಊರಿನ ಎಲ್ಲರೂ ಹೆಂಡಕ್ಕೆ ಎಣ್ಣೆ ಎನ್ನುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಒಂದೇ ಮಾತಿಗೆ ಎರಡರ್ಥ ಬರುವುದಕ್ಕೆ ಶ್ಲೇಷೆ ಎನ್ನುತ್ತಾರೆಂದು ಸಾವಿರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಗ್ಯಾರೇಜಿನೆದುರು ನಾನಾಡಿದ ಒಂದೊಂದು ಮಾತನ್ನೂ ವಾಸಪ್ಪನ ಕಿವಿಯಿಂದ ಕೇಳಿಸಿಕೊಳ್ಳುತ್ತಾ ಬಂದೆ. ಎಣ್ಣೆ ಬಿಡು ಅಂತ ಹೇಳಿದ್ಯಾರು. ಬಿಟ್ಟರೂ ಅಷ್ಟೆ. ವಾಪಸ್ ತಗೋ. ದಾಕ್ಷಾಯಿಣಿ ಆ ದಿನ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಗಾದೊಡನೆ ನಡೆದೇ ಹೋದೆ. ಗ್ಯಾರೇಜಿನ ಬಾಗಿಲು ಅರ್ಧ ಎಳೆದಿತ್ತು. ವಾಸಪ್ಪ ಖಾಲಿ ಡಬ್ಬದ ಮೇಲೆ ಕೂತಿದ್ದ, ಅದೇ ಇಸ್ತ್ರಿ ಶರಟು, ಕೊಳೆಯಾಗಿತ್ತು. ನನ್ನನ್ನು ಕಂಡು ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದುಕೊಂಡ. ತಪ್ಪಾಯಿತು ಎಂದೆ. ನನಗೆ ಅರ್ಥವಾಗಲಿಲ್ಲ, ಚೀಟಿಯನ್ನು ತಪ್ಪು ಓದಿದೆ, ನಾಳೆಯಿಂದ ನನ್ನ ಕಾರು ನೀನೇ ನೋಡಿಕೊಳ್ಳಬೇಕು ಎಂದೆ. ನನಗೆ ತಿಳಿದ ಮಟ್ಟಿಗೆ, ಶಿಷ್ಯನೊಬ್ಬನೆದುರು ನಾನು ಕೈ ಮುಗಿದದ್ದು ಅದೇ ಮೊದಲು.

ವಾಸಪ್ಪನಿಗೆ ಸಿಟ್ಟು ಇರಲಿಲ್ಲ. ಅದೇ ಹಳೇ ನಗು ನಕ್ಕ.

"ಎಣ್ಣೆ ಬಿಡೋದನ್ನ ಬಿಟ್ಟೆ ಮೇಷ್ಟ್ರೇ," ಎಂದ.

ಯಾವ ಎಣ್ಣೆ ಎಂದು ಕೇಳಲು ಬಾಯಿ ತೆರೆದೆ. ಕೇಳಬೇಕಾಗಲಿಲ್ಲ. ಅವನ ಬಾಯಿಂದ ವಾಸನೆ ಬರುತ್ತಿತ್ತು. ಹಿಂದೆ ಗೋಡೆಯಲ್ಲಿ ಸ್ಪ್ಯಾನರ್ ತೂಗುಹಾಕುತ್ತಿದ್ದ ಮೊಳೆಗಳೆಲ್ಲ ಖಾಲಿ, ಸಾಮಾನು ಗೋಣಿಚೀಲದಲ್ಲಿ ಕಟ್ಟಿತ್ತು. ಅವನ ಮಾತಿಗೆ ಎರಡರ್ಥ ಇತ್ತು, ಎರಡೂ ಸರಿಯಾಗಿತ್ತು.

ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ ನಾನೇ ಕೇಳಿದ್ದ ಪ್ರಶ್ನೆ ಅದು: ಶ್ಲೇಷೆಗೆ ಒಂದು ಉದಾಹರಣೆ ಕೊಡಿ, ಎರಡು ಅಂಕ. ವಾಸಪ್ಪ ಖಾಲಿ ಬಿಟ್ಟಿದ್ದ, ನಾನು ಸೊನ್ನೆ ಹಾಕಿದ್ದೆ. ಇಪ್ಪತ್ತೆಂಟು ವರ್ಷದ ಮೇಲೆ ಅವನು ಉತ್ತರ ಬರೆದು ನನ್ನ ಕಾರಿನ ಮೇಲೆ ಇಟ್ಟು ಹೋಗಿದ್ದ. ಈ ಸಲ ಫೇಲಾದವನು ನಾನು.