ಎಮ್ಮೆಗೊಂದು ದಾರಿ

ಬೆಳಿಗ್ಗೆ ಎಮ್ಮೆಯ ಹಗ್ಗ ಹಿಡಿದು ಹೊರಬಿದ್ದ ಹಾಲಣ್ಣ ರಸ್ತೆಯಂಚಿನಲ್ಲಿ ಗಕ್ಕನೆ ನಿಂತ. ರಸ್ತೆಯ ನಡುವೆ ಎದೆಮಟ್ಟದ ಸಿಮೆಂಟ್ ಗೋಡೆ! ನಿನ್ನೆ ಸಂಜೆ ಅದು ಇರಲಿಲ್ಲ. ಗೋಡೆಯ ಆಚೆ ಅವನ ಹೊಲ, ಹೊಲದ ತುಂಬ ಹಸಿ ಹುಲ್ಲು. ಈಚೆ ಅವನು, ಎಮ್ಮೆ ಮತ್ತು ಎಮ್ಮೆಯ ಹಸಿವು.

ಅವನ ಅಪ್ಪನ ಕಾಲದಲ್ಲಿ ಆ ರಸ್ತೆ ಬರೀ ಗಾಡಿಜಾಡು. ಎದುರಿಗೆ ಇನ್ನೊಂದು ಗಾಡಿ ಬಂದರೆ ಇಬ್ಬರೂ ಕೆಳಗಿಳಿದು, ಮನೆಮಂದಿಯ ಕ್ಷೇಮವೆಲ್ಲ ವಿಚಾರಿಸಿ, ಆಮೇಲೆ ಯಾರು ಹಿಂದೆ ಸರಿಯಬೇಕೆಂದು ತೀರ್ಮಾನಿಸುತ್ತಿದ್ದರು. ಸುತ್ತಲ ಹೊಲಗಳು ಬಡಾವಣೆಯಾದವು, ಜಾಡು ಹೆದ್ದಾರಿಯಾಯಿತು. ಬಡಾವಣೆಗೆಲ್ಲ ಹಾಲು ಹಾಕುತ್ತ ಅವನು ಹಾಲಣ್ಣನಾದ.

"ಗೋಡೆ ಎಲ್ಲಿ ಮುಗಿಯುತ್ತೋ ಅಲ್ಲಿ ದಾಟು ಹೋಗಣ್ಣ," ಎಂದ ಅಪಾರ್ಟ್‌ಮೆಂಟಿನ ವಾಚ್‌ಮನ್.

ಹಾಲಣ್ಣ ಸೇತುವೆಯವರೆಗೂ ನಡೆದ. ಗೋಡೆ ಟೀವಿ ಧಾರಾವಾಹಿಯಂತೆ, ಮುಗಿಯುವ ಲಕ್ಷಣವೇ ಇರಲಿಲ್ಲ. ಬೆವರು ಸುರಿಸಿಕೊಂಡು ಹಿಂದಿರುಗುವಾಗ ಎಮ್ಮೆ ನಿವೃತ್ತ ಮೇಷ್ಟರ ಕಾಂಪೌಂಡಿನೊಳಗೆ ಕತ್ತು ತೂರಿಸಿ ಗುಲಾಬಿ ಗಿಡವನ್ನು ಮುಳ್ಳುಸಮೇತ ಮುಗಿಸಿತು.

"ಏನಯ್ಯಾ ಇದು ಅನಾಹುತ!" ಎಂದು ಓಡಿಬಂದ ಮೇಷ್ಟ್ರು ಕತೆ ಕೇಳಿದ್ದೇ ತಡ, ಎಮ್ಮೆಯನ್ನು ಬಿಟ್ಟು ಗೋಡೆಯ ಮೇಲೆ ತಿರುಗಿಬಿದ್ದರು. "ಇದಕ್ಕೆ ಹುಲ್ಲಿಲ್ಲ ಅಂದ್ರೆ ನಮಗೆ ಕಾಫಿ ಇಲ್ಲ! ಬನ್ರೀ ಎಲ್ಲಾರೂ!"

ಬೀದಿಗೆ ಬೀದಿಯೇ ಬಂದು ರಸ್ತೆಯಲ್ಲಿ ಕೂತಿತು. ಮುಂದಿನ ಸಾಲಿನಲ್ಲಿ ಎಮ್ಮೆ. ಲಾರಿಗಳ ಹಾರ್ನಿಗೆ ಕಿವಿತಮಟೆ ಹರಿಯುವಂತಾಯಿತು.

"ಬೇಡಿ ಮೇಷ್ಟ್ರೇ," ಹಾಲಣ್ಣ ಅಂಗಲಾಚಿದ. "ನಾನೇ ಗೋಡೆ ಹತ್ತಿ ಹೋಗಿ ಒಂದು ಹೊರೆ ಹುಲ್ಲು ಕೊಯ್ಕೊಂಡು ಬರ್ತೀನಿ."

"ಸುಮ್ನೆ ಕೂತ್ಕೊಳ್ಳಯ್ಯ! ಇದು ಈಗ ನಿನ್ನೊಬ್ಬನ ವಿಷಯ ಅಲ್ಲ."

ಮಧ್ಯಾಹ್ನ ಹೆಂಡತಿ ಹುಡುಕಿಕೊಂಡು ಬಂದಳು. "ಎಮ್ಮೆ ಮೇಯಿಸ್ಕೊಂಡು ಬನ್ನಿ ಅಂದ್ರೆ ಊರನ್ನೇ ಕಟ್ಕೊಂಡು ಕೂತಿದೀರಲ್ಲ! ಹಾಲು ಕರೆಯೋರು ಯಾರು?"

ಹಾಲಣ್ಣನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಸಂಜೆಗೆ ರಸ್ತೆ ಇಲಾಖೆಯ ಇಂಜಿನಿಯರ್ ಬಂದ. ಗೋಡೆ ನೋಡಿದ, ಎಮ್ಮೆ ನೋಡಿದ, ದೂರ ಹೋಗಿ ಫೋನಿನಲ್ಲಿ ಪಿಸುಗುಟ್ಟಿದ. ಬಂದು ಘೋಷಿಸಿದ: "ಎಮ್ಮೆ ಓಡಾಡೋಕೆ ರಸ್ತೆ ಕೆಳಗೆ ದಾರಿ ಮಾಡ್ತೀವಿ. ನಾಳೆನೇ ಕೆಲಸ ಶುರು!"

ಜನ ಹೋ ಎಂದು ಕೂಗಿ ಹಾಲಣ್ಣನನ್ನು ಹೆಗಲ ಮೇಲೆತ್ತಿಕೊಂಡರು. ಬೆಳಗಿನಿಂದ ಮೊದಲ ಸಲ ಅವನ ಮುಖದಲ್ಲಿ ನಗು ಕಾಣಿಸಿತು. ಕೆಳಗಿಳಿದವನನ್ನು ಇಂಜಿನಿಯರ್ ಪಕ್ಕಕ್ಕೆ ಕರೆದ.

"ಒಂದು ಸಣ್ಣ ವಿಷಯ. ದಾರಿ ಆಚೆ ಬದಿಯಲ್ಲಿ ಮೇಲಕ್ಕೆ ಬರ್ಬೇಕಲ್ಲ, ಅದಕ್ಕೆ ಜಾಗ ಬೇಕು."

"ಧಾರಾಳವಾಗಿ ತಗೊಳ್ಳಿ ಸ್ವಾಮಿ. ಯಾವ ಜಾಗ?"

"ಅದೇ, ಹುಲ್ಲು ಬೆಳೆದಿದೆಯಲ್ಲ, ಅಷ್ಟೂ. ಸುತ್ತ ಎಲ್ಲಾ ಮನೆ ಆಗ್ಬಿಟ್ಟಿದೆ, ಖಾಲಿ ಇರೋದು ಅದೊಂದೇ."

ಹಾಲಣ್ಣ ಹುಲ್ಲು ನೋಡಿದ, ಎಮ್ಮೆ ನೋಡಿದ. "ಮತ್ತೆ... ನಮ್ಮ ಎಮ್ಮೆ ಆ ಕಡೆ ದಾಟಿ ಏನ್ಮಾಡ್ಬೇಕು?"

ಇಂಜಿನಿಯರ್ ಗಂಭೀರವಾಗಿ ಯೋಚಿಸಿ ಹೇಳಿದ: "ವಾಪಸ್ ಬರ್ಬಹುದಲ್ಲ? ಅದಕ್ಕೂ ದಾರಿ ಇರುತ್ತೆ."